ಹಾರ್ಡ್ ಡಿಸ್ಕ್ ಬ್ಯಾಕಪ್ ಯಾಕಿಷ್ಟು ನಿಧಾನ?

ಪ್ರಶ್ನೆ: ನಮ್ಮದು ಬದಿಯಡ್ಕದಲ್ಲಿ ಫೋಟೋ ಸ್ಟುಡಿಯೋ. ಮದುವೆ ಫೋಟೋ, ಯಕ್ಷಗಾನದ ವೀಡಿಯೊ ಎಲ್ಲ ಸೇರಿ 500 ಜಿಬಿ ಆಗಿದೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಹಾಕಲು ನಾಲ್ಕು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಡಿಸ್ಕಿನ ಪೆಟ್ಟಿಗೆಯ ಮೇಲೆ ಯುಎಸ್‌ಬಿ 3.0 ಎಂದೇ ಇದೆ. ಕಂಪ್ಯೂಟರ್ ಬದಲಿಸಬೇಕೇ?

ಉತ್ತರ: ಕಂಪ್ಯೂಟರ್ ಬದಲಿಸುವುದು ಬೇಡ, ಮೊದಲು ಕೇಬಲ್ ನೋಡಿ. ದೊಡ್ಡದೊಂದು ವೀಡಿಯೊ ಫೈಲು ಕಾಪಿಯಾಗುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಆ ಡಿಸ್ಕಿನ ರೈಟ್ ಸ್ಪೀಡ್ ಗಮನಿಸಿ. ಅದು ಸೆಕೆಂಡಿಗೆ 30-40 ಎಂಬಿಯಿಂದ ಮೇಲೇರದೆ ಒಂದೇ ಸಮ ನಿಂತಿದ್ದರೆ ಡಿಸ್ಕ್ ಓಡುತ್ತಿರುವುದು ಯುಎಸ್‌ಬಿ 2.0 ವೇಗದಲ್ಲಿ. 35 ಎಂಬಿ ವೇಗಕ್ಕೆ 500 ಜಿಬಿ ಮುಗಿಯಲು ಸುಮಾರು ನಾಲ್ಕು ಗಂಟೆ ಬೇಕು, ನಿಮ್ಮ ಲೆಕ್ಕವೂ ಅದೇ. ಅದೇ ಡಿಸ್ಕ್ 3.0ರಲ್ಲಿ 110 ಎಂಬಿಯಷ್ಟು ಬರೆದರೆ ಒಂದೂಕಾಲು ಗಂಟೆ ಸಾಕು.

ಡಿಸ್ಕಿನ ಕಡೆಯ ಪಿನ್ ಹಿಡಿದು ನೋಡಿ. 3.0 ಕೇಬಲಿನ ಪಿನ್ ಅಗಲವಾಗಿದ್ದು, ನಡುವೆ ಸಣ್ಣ ಕಚ್ಚು ಇದ್ದು ಎರಡು ಭಾಗವಾಗಿರುತ್ತದೆ. ಅದು ಕೂರುವ ಡಿಸ್ಕಿನ ಕಿಂಡಿಯ ದೊಡ್ಡ ಭಾಗಕ್ಕೆ ಹಳೆಯ ಮೊಬೈಲ್ ಚಾರ್ಜರಿನ ಮೈಕ್ರೋ ಯುಎಸ್‌ಬಿ ಪಿನ್ನೂ ಸರಿಯಾಗಿ ಕೂರುತ್ತದೆ, ಡಿಸ್ಕ್ ಕೆಲಸವನ್ನೂ ಮಾಡುತ್ತದೆ. ಆದರೆ 3.0ರ ತಂತಿಗಳಿರುವುದು ಆ ಸಣ್ಣ ಭಾಗದಲ್ಲಿ. ಅದು ಖಾಲಿ ಉಳಿದರೆ ವೇಗ 2.0ಕ್ಕೇ ಸೀಮಿತ. ಮೂಲ ಕೇಬಲ್ ಕಳೆದುಹೋಗಿ ಕೈಗೆ ಸಿಕ್ಕಿದ್ದನ್ನು ಸಿಕ್ಕಿಸಿದ ಕಡೆಯೆಲ್ಲ ಆಗುವುದು ಇದೇ.

ಕೇಬಲ್ ಸರಿ ಇದ್ದರೆ ಪೋರ್ಟ್ ಬದಲಿಸಿ. ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಎಷ್ಟೋ ಬಾರಿ 2.0 ಆಗಿರುತ್ತದೆ. ಹಿಂಬದಿಯಲ್ಲಿ ಒಳಗೆ ನೀಲಿ ಬಣ್ಣವಿರುವ, ಇಲ್ಲವೇ ಪಕ್ಕದಲ್ಲಿ ಎರಡು ‘ಎಸ್’ ಗುರುತಿರುವ ಪೋರ್ಟಿಗೆ ನೇರವಾಗಿ ಹಾಕಿ. ನಡುವೆ ಹಬ್ ಬೇಡ.

ಇಷ್ಟಾದ ಮೇಲೂ ವೀಡಿಯೊ ಬೇಗ ಹೋಗಿ, ಕೆಲವು ಫೋಲ್ಡರುಗಳಲ್ಲಿ ಮಾತ್ರ ವೇಗ 2-3 ಎಂಬಿಗೆ ಕುಸಿದರೆ ಅದು ಸಣ್ಣ ಫೈಲುಗಳ ಕಾಟ. ಪ್ರತಿ ಫೈಲಿನ ಹೆಸರು, ದಿನಾಂಕ, ಜಾಗ ಎಲ್ಲವನ್ನೂ ಡಿಸ್ಕ್ ಬೇರೆ ಕಡೆ ದಾಖಲಿಸಬೇಕು. ಅದಕ್ಕಾಗಿ ಒಳಗೆ ಓದಿ ಬರೆಯುವ ಹೆಡ್ ಅತ್ತಿಂದಿತ್ತ ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ಫೋಟೋ ತಿದ್ದುವ ಲೈಟ್‌ರೂಮಿನ ಪ್ರಿವ್ಯೂ ಫೋಲ್ಡರ್, ವೀಡಿಯೊ ಸಂಕಲನದ ಪ್ರೀಮಿಯರಿನ ಮೀಡಿಯಾ ಕ್ಯಾಶ್ ಬ್ಯಾಕಪ್‌ಗೆ ಬೇಕಾಗಿಲ್ಲ. ಮೂಲ ಫೋಟೋ, ವೀಡಿಯೊ ಇದ್ದರೆ ಆ ತಂತ್ರಾಂಶಗಳೇ ಅವನ್ನು ಮತ್ತೆ ತಯಾರಿಸಿಕೊಳ್ಳುತ್ತವೆ. ಲೈಟ್‌ರೂಮಿನ ಕ್ಯಾಟಲಾಗ್ ಫೈಲನ್ನು ಮಾತ್ರ ಬಿಡಬೇಡಿ, ನೀವು ಮಾಡಿದ ತಿದ್ದುಪಡಿಗಳು ಅದರಲ್ಲಿರುತ್ತವೆ. ವೇಗಕ್ಕೆಂದು ಜೆಪೆಗ್ ಫೋಟೋಗಳನ್ನು ಜಿಪ್ ಮಾಡಿ ಗಾತ್ರ ಕುಗ್ಗಿಸಲು ಹೋಗುವುದೂ ವ್ಯರ್ಥ. ಅವು ಮೊದಲೇ ಕುಗ್ಗಿಸಿದ ಫೈಲುಗಳು.

ಆ್ಯಂಟಿವೈರಸ್ ಪ್ರತಿ ಫೈಲನ್ನೂ ತಪಾಸಿಸುವುದರಿಂದ ತಡವಾಗುವುದು ನಿಜ. ಆದರೆ ಗ್ರಾಹಕರ ಪೆನ್‌ಡ್ರೈವ್ ದಿನಾ ಬರುವ ಸ್ಟುಡಿಯೋದಲ್ಲಿ ಅದನ್ನು ಪೂರ್ತಿ ನಿಲ್ಲಿಸಲೇಬಾರದು. ಬೇಕಿದ್ದರೆ ಬ್ಯಾಕಪ್ ತಂತ್ರಾಂಶವೊಂದನ್ನು ಮಾತ್ರ ವಿಂಡೋಸಿನ ಆ್ಯಂಟಿವೈರಸ್ ಆದ ಡಿಫೆಂಡರಿನ ಎಕ್ಸ್‌ಕ್ಲೂಶನ್ (ತಪಾಸಣೆಯಿಂದ ಬಿಟ್ಟವುಗಳ) ಪಟ್ಟಿಗೆ ಸೇರಿಸಿ.

ಪ್ರಶ್ನೆ: ಕಾಪಿ ಶುರುವಾದಾಗ 120 ಎಂಬಿ ಇರುತ್ತದೆ. ಅರ್ಧ ಗಂಟೆ ಕಳೆದ ಮೇಲೆ 15ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಎಲ್ಲವೂ ದೊಡ್ಡ ಫೈಲುಗಳೇ. ಡಿಸ್ಕ್ ಹೊಸತು. — ಮಂಜೇಶ್ವರದಿಂದ

ಉತ್ತರ: ಡಿಸ್ಕ್ ಎಸ್‌ಎಂಆರ್ ಮಾದರಿಯದಾಗಿರಬೇಕು. ಈಗ ಬರುವ ಎಷ್ಟೋ ಪೋರ್ಟಬಲ್ ಡಿಸ್ಕುಗಳು ಇದೇ ಜಾತಿಯವು. ಕಡಿಮೆ ಜಾಗದಲ್ಲಿ ಹೆಚ್ಚು ತುಂಬಿಸಲು ಅದರಲ್ಲಿ ಸಾಲುಗಳನ್ನು ಮಾಡಿನ ಹಂಚಿನಂತೆ ಒಂದರ ಮೇಲೊಂದು ಸ್ವಲ್ಪ ಚಾಚಿ ಬರೆಯುತ್ತಾರೆ. ಹೀಗಾಗಿ ನಡುವಿನ ಒಂದು ಸಾಲನ್ನು ಬದಲಿಸಬೇಕಾದರೆ ಅದರ ಪಕ್ಕದ ಸಾಲುಗಳನ್ನೂ ಮತ್ತೆ ಬರೆಯಬೇಕು. ಹೊಸ ಮಾಹಿತಿ ಮೊದಲು ಮೀಸಲು ಜಾಗಕ್ಕೆ ಬೇಗ ಹೋಗಿ ಬೀಳುತ್ತದೆ, ಆ ಜಾಗ ತುಂಬಿದ ಕೂಡಲೇ ವೇಗ ಕುಸಿಯುತ್ತದೆ.

ಸೆಟ್ಟಿಂಗ್ ಬದಲಿಸಿ ಇದನ್ನು ಸರಿಪಡಿಸಲಾಗದು. ಒಂದೇ ಬಾರಿಗೆ ಎಲ್ಲವನ್ನೂ ಹಾಕದೆ 50-100 ಜಿಬಿಯಂತೆ ಕಂತಿನಲ್ಲಿ ಹಾಕಿ. ಪ್ರತಿ ಕಂತಿನ ನಂತರ ಡಿಸ್ಕನ್ನು ಒಂದೆರಡು ಗಂಟೆ ಸಂಪರ್ಕದಲ್ಲೇ ಬಿಡಿ. ಆಗ ಅದು ಒಳಗೊಳಗೇ ಮಾಹಿತಿಯನ್ನು ಜೋಡಿಸಿಕೊಳ್ಳುತ್ತದೆ. ಕೈಯಿಟ್ಟರೆ ಸಣ್ಣಗೆ ತಿರುಗುವುದು ತಿಳಿಯುತ್ತದೆ. ಡಿಸ್ಕನ್ನು ಅಂಚಿನವರೆಗೂ ತುಂಬಬೇಡಿ: ಕೊನೆಯ ಭಾಗ ಬರೆಯಲ್ಪಡುವುದು ತಟ್ಟೆಯ ಒಳಸುತ್ತಿನಲ್ಲಿ, ಅಲ್ಲಿ ಯಾವುದೇ ಹಾರ್ಡ್ ಡಿಸ್ಕಿನ ವೇಗವೂ ಹೊರಸುತ್ತಿನ ಅರ್ಧದಷ್ಟೇ. ದಿನವೂ ದೊಡ್ಡ ಬ್ಯಾಕಪ್ ಇರುವವರು ಮುಂದಿನ ಬಾರಿ ಕೊಳ್ಳುವಾಗ ಸಿಎಂಆರ್ (ಸಾಲುಗಳನ್ನು ಒಂದರ ಮೇಲೊಂದು ಚಾಚದೆ ಬರೆಯುವ ಮಾದರಿ) ಎಂದು ಸ್ಪಷ್ಟವಾಗಿ ನಮೂದಿಸಿದ ಡಿಸ್ಕನ್ನೇ ಕೇಳಿ ತೆಗೆದುಕೊಳ್ಳಿ.

ಪ್ರಶ್ನೆ: ಕುಂಬಳೆಯ ನಮ್ಮ ಅಂಗಡಿಯ ಲೆಕ್ಕಪತ್ರಗಳನ್ನು ವಿಂಡೋಸಿನ ಕಾಪಿ ಆಜ್ಞೆಯಾದ ರೋಬೋಕಾಪಿಯಲ್ಲಿ ಬ್ಯಾಕಪ್ ಮಾಡುತ್ತೇವೆ. ಒಂದು ಫೈಲಿಗೆ ಬಂದು ರಾತ್ರಿಯಿಡೀ ನಿಂತುಬಿಡುತ್ತದೆ. ಮಾತ್ರವಲ್ಲ, ಪ್ರತಿ ಸಲವೂ ಹಳೆಯ ಫೈಲುಗಳೂ ಮೊದಲಿನಿಂದ ಕಾಪಿಯಾಗುತ್ತವೆ.

ಉತ್ತರ: ಓದಲಾಗದ ಫೈಲು ಸಿಕ್ಕಿದರೆ ರೋಬೋಕಾಪಿ ತಾನಾಗಿ 10 ಲಕ್ಷ ಬಾರಿ, ಪ್ರತಿ ಸಲ 30 ಸೆಕೆಂಡು ಕಾದು ಪ್ರಯತ್ನಿಸುತ್ತದೆ. ಲೆಕ್ಕ ಹಾಕಿದರೆ ಒಂದೇ ಫೈಲಿಗೆ 11 ತಿಂಗಳಿಗೂ ಹೆಚ್ಚು. ಆಜ್ಞೆಯಲ್ಲಿ ಎಷ್ಟು ಬಾರಿ ಮತ್ತೆ ಪ್ರಯತ್ನಿಸಬೇಕೆಂದು ಹೇಳುವ ‘ಆರ್’ ಸ್ವಿಚ್ಚಿಗೆ 1, ಎಷ್ಟು ಸೆಕೆಂಡು ಕಾಯಬೇಕೆಂದು ಹೇಳುವ ‘ಡಬ್ಲ್ಯೂ’ ಸ್ವಿಚ್ಚಿಗೆ 1 ಕೊಡಿ (/R:1 /W:1). ಆಗ ಅದು ಫೈಲನ್ನು ಬಿಟ್ಟು ಮುಂದೆ ಹೋಗಿ ಕೊನೆಯಲ್ಲಿ ಎಷ್ಟು ಫೈಲು ವಿಫಲವಾಯಿತೆಂದು ತೋರಿಸುತ್ತದೆ. ಆ ಸಂಖ್ಯೆ ಸೊನ್ನೆಯಿದೆಯೇ ಎಂದು ನೋಡದೆ ಕಿಟಕಿ ಮುಚ್ಚಬೇಡಿ.

ಫೈಲು ಸಿಗದಿರಲು ಹೆಚ್ಚಾಗಿ ಕಾರಣ ಅದು ತೆರೆದಿರುವುದು. ಟ್ಯಾಲಿ, ಔಟ್‌ಲುಕ್ ಮುಚ್ಚಿಯೇ ಬ್ಯಾಕಪ್ ಶುರುಮಾಡಿ. ಮುಚ್ಚಿದ ಮೇಲೂ ಅದೇ ಫೈಲಿನಲ್ಲಿ ನಿಂತರೆ ಕಂಪ್ಯೂಟರಿನ ಒಳಗಿನ ಡಿಸ್ಕೇ ಕೆಡುತ್ತಿರಬಹುದು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ತಂತ್ರಾಂಶದಲ್ಲಿ 05 (ಕೆಟ್ಟು ಬದಲಿಸಿದ ಜಾಗಗಳು) ಮತ್ತು ಸಿ5 (ಓದಲಾಗದೆ ಉಳಿದ ಜಾಗಗಳು) ಸಾಲುಗಳ ಸಂಖ್ಯೆ ಏರುತ್ತಿದ್ದರೆ ವೇಗದ ಚಿಂತೆ ಬದಿಗಿಟ್ಟು, ಮುಖ್ಯ ಫೈಲುಗಳನ್ನು ಅಂದೇ ಹೊರತೆಗೆಯಿರಿ.

ಎಲ್ಲವೂ ಮತ್ತೆ ಮತ್ತೆ ಕಾಪಿಯಾಗುವುದು ಬ್ಯಾಕಪ್ ಡಿಸ್ಕಿನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32 ಆಗಿರುವುದರಿಂದ. ಫೈಲಿನ ಸಮಯವನ್ನು ಅವು ಕಂಪ್ಯೂಟರಿನ ಒಳಗಿನ ಡಿಸ್ಕಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನಷ್ಟು ಸೂಕ್ಷ್ಮವಾಗಿ ದಾಖಲಿಸುವುದಿಲ್ಲ. ಸಮಯ ಚೂರು ಹೆಚ್ಚುಕಡಿಮೆಯಾದರೂ ರೋಬೋಕಾಪಿ ಫೈಲು ಬದಲಾಗಿದೆ ಎಂದುಕೊಳ್ಳುತ್ತದೆ. ‘ಎಫ್‌ಎಫ್‌ಟಿ’ ಸ್ವಿಚ್ ಸೇರಿಸಿದರೆ ಎರಡು ಸೆಕೆಂಡಿನ ವ್ಯತ್ಯಾಸವನ್ನು ಗಣಿಸದೆ, ನಿಜವಾಗಿ ಬದಲಾದವನ್ನು ಮಾತ್ರ ಒಯ್ಯುತ್ತದೆ. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುವುದು ಇಲ್ಲಿಯೇ. ‘ಎಂಐಆರ್’ ಸ್ವಿಚ್ ಮಾತ್ರ ಯೋಚಿಸಿ ಬಳಸಿ: ಮೂಲದಲ್ಲಿ ಅಳಿಸಿದ್ದನ್ನು ಅದು ಬ್ಯಾಕಪ್‌ನಿಂದಲೂ ಅಳಿಸುತ್ತದೆ.

ಪ್ರಶ್ನೆ: ಡಿವೈಸ್ ಮ್ಯಾನೇಜರಿನಲ್ಲಿ ‘ಬೆಟರ್ ಪರ್ಫಾರ್ಮೆನ್ಸ್’ ಆರಿಸಿದರೆ ವೇಗ ಹೆಚ್ಚುತ್ತದೆಯೇ? — ಮುಳ್ಳೇರಿಯದಿಂದ

ಉತ್ತರ: ಸಣ್ಣ ಫೈಲುಗಳು ಹೆಚ್ಚಿದ್ದರೆ ಹೆಚ್ಚುತ್ತದೆ. ಕಂಪ್ಯೂಟರ್ ಬರೆಯಬೇಕಾದ್ದನ್ನು ಮೆಮೊರಿಯಲ್ಲಿ ಕೂಡಿಟ್ಟು ಒಟ್ಟಿಗೆ ಬರೆಯುತ್ತದೆ. ಆದರೆ ಆ ಹೊತ್ತಿಗೆ ಕರೆಂಟು ಹೋದರೆ ಮೆಮೊರಿಯಲ್ಲಿದ್ದದ್ದು ಹೋಯಿತು, ಡಿಸ್ಕಿನ ಫೈಲು ವ್ಯವಸ್ಥೆಯೂ ಕೆಡಬಹುದು. ಲ್ಯಾಪ್‌ಟಾಪ್ ಅಥವಾ ಯುಪಿಎಸ್ ಇದ್ದರೆ ಆರಿಸಿ, ಪ್ರತಿ ಸಲ ‘ಇಜೆಕ್ಟ್’ ಕೊಟ್ಟೇ ಕೇಬಲ್ ತೆಗೆಯಿರಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಮೊದಲೇ ಇರುವ ‘ಕ್ವಿಕ್ ರಿಮೂವಲ್’ ಆಯ್ಕೆ ಹಾಗೆಯೇ ಇರಲಿ. ನಮ್ಮ ಕಡೆ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನಲ್ಲಿ ಗುಡುಗು ಮಿಂಚು ಹೆಚ್ಚಾಗಿ ಬರುವುದು ಮಧ್ಯಾಹ್ನದ ಮೇಲೆ. ಆ ತಿಂಗಳುಗಳಲ್ಲಿ ಬ್ಯಾಕಪ್ ಬೆಳಗ್ಗೆಯೇ ಮುಗಿಸಿ, ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿಡಿ.