ರ‍್ಯಾಮ್ ಹೆಚ್ಚಿಸಿದರೂ ಗೇಮ್ ಕ್ರ್ಯಾಶ್ ಆಗ್ತಿದೆ, ಯಾಕೆ?

ಪ್ರಶ್ನೆ: ಸರ್, ನಾನು ಕಲಬುರಗಿಯ ಆಳಂದ ರಸ್ತೆಯವನು, ಡಿಗ್ರಿ ಎರಡನೇ ವರ್ಷ. ಸ್ಕೈರಿಮ್ ಸ್ಪೆಷಲ್ ಎಡಿಷನ್ ಗೇಮ್‌ಗೆ 180 ಮಾಡ್ (ಆಟವನ್ನು ಬದಲಿಸಲು ಆಟಗಾರರೇ ಮಾಡಿ ಹಂಚುವ ಫೈಲ್‌ಗಳು) ಹಾಕಿದ್ದೇನೆ. ಅರ್ಧ ಗಂಟೆ ಆಡುವಷ್ಟರಲ್ಲಿ ಗೇಮ್ ತಾನೇ ಮುಚ್ಚಿಕೊಂಡು ಡೆಸ್ಕ್‌ಟಾಪ್ ಬರುತ್ತದೆ. ಎರರ್ ಕೂಡ ತೋರಿಸುವುದಿಲ್ಲ. ಒಂದು ಅಂಗಡಿಯಲ್ಲಿ ಕೇಳಿದಾಗ ರ‍್ಯಾಮ್ ಸಾಲದು ಅಂದರು. 8 ಜಿಬಿ ಇದ್ದದ್ದನ್ನು 16 ಮಾಡಿಸಿದೆ, ಆದರೂ ಅದೇ ಕಥೆ. ಗ್ರಾಫಿಕ್ಸ್ ಕಾರ್ಡ್ 4 ಜಿಬಿಯದು. ಎಸ್‌ಎಸ್‌ಡಿ ಸವೆಯುತ್ತದೆ ಅಂತ ಗೆಳೆಯ ಪೇಜ್ ಫೈಲ್ ಆಫ್ ಮಾಡಿಕೊಟ್ಟಿದ್ದಾನೆ. ವಿಡಿಯೊ ನೋಡಿ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಮೆಮೊರಿ ಪ್ಯಾಚ್ ಸಾಲುಗಳನ್ನೂ ಹಾಕಿದ್ದೇನೆ. ಈಗ 32 ಜಿಬಿ ಮಾಡಿಸಲಾ?

ಉತ್ತರ: ಸದ್ಯಕ್ಕೆ ಬೇಡ. ದುಡ್ಡು ಜೇಬಿನಲ್ಲೇ ಇರಲಿ. ಮೊದಲು ಅನುಮಾನ ಪಡಬೇಕಾದ ಜಾಗವನ್ನು ನೀವೇ ಬರೆದಿದ್ದೀರಿ: ಆಫ್ ಮಾಡಿದ ಪೇಜ್ ಫೈಲ್. ರ‍್ಯಾಮ್‌ಗೆ ನೆರವಾಗಲಿ ಅಂತ ವಿಂಡೋಸ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವ ಜಾಗ ಅದು.

ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೀವಲ್ಲ, ಗೇಮ್ ಕೂಡ ಹಾಗೇ ಮಾಡುತ್ತದೆ. ಈಗಲೇ ಬಳಸದ ಮೆಮೊರಿಯನ್ನೂ ತನಗೆ ಅಂತ ಹಿಡಿದಿಡುತ್ತದೆ. ಸೀಟು ಖಾಲಿ ಕಾಣುತ್ತದೆ, ಆದರೆ ಟವೆಲ್ ಬಿದ್ದಿದೆ. ಹೀಗೆ ಎಷ್ಟು ಹಿಡಿಯಬಹುದು ಅನ್ನುವುದಕ್ಕೆ ವಿಂಡೋಸ್ ಒಂದು ಮಿತಿ ಇಡುತ್ತದೆ. ನಿಮ್ಮ ರ‍್ಯಾಮ್ ಮತ್ತು ಪೇಜ್ ಫೈಲ್ ಕೂಡಿಸಿದರೆ ಬರುವುದೇ ಆ ಮಿತಿ. ಪೇಜ್ ಫೈಲ್ ಇಲ್ಲದ ನಿಮ್ಮ ಕಂಪ್ಯೂಟರ್‌ನಲ್ಲಿ ಅದು 16 ಜಿಬಿಗೇ ನಿಂತುಬಿಡುತ್ತದೆ. ಅಷ್ಟರಲ್ಲೇ ವಿಂಡೋಸ್, ಬ್ರೌಸರ್, ಗೇಮ್ ಎಲ್ಲವೂ ನಡೆಯಬೇಕು. ಮಿತಿ ಮುಟ್ಟಿದ ಮೇಲೆ ಗೇಮ್ ಇನ್ನಷ್ಟು ಕೇಳಿದರೆ ವಿಂಡೋಸ್ ಕೊಡುವುದಿಲ್ಲ. ಗೇಮ್ ಅಲ್ಲೇ ಬೀಳುತ್ತದೆ. ಆಗ ನೋಡಿದರೆ ರ‍್ಯಾಮ್ ಇನ್ನೂ ಖಾಲಿ ಇರಬಹುದು. ಜನ ಮೋಸ ಹೋಗುವುದೇ ಇಲ್ಲಿ.

ನೀವೇ ನೋಡಿಕೊಳ್ಳಬಹುದು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ. 'ಕಮಿಟೆಡ್' ಅನ್ನುವಲ್ಲಿ ಎರಡು ಅಂಕಿ ಇರುತ್ತವೆ. ಎಡಗಡೆಯದು ಹಿಡಿದಿಟ್ಟದ್ದು, ಬಲಗಡೆಯದು ಮಿತಿ. ಗೇಮ್ ಆಡುತ್ತಾ ಹತ್ತು ನಿಮಿಷಕ್ಕೊಮ್ಮೆ ನೋಡಿ. ಎಡಗಡೆಯ ಅಂಕಿ ಬಲಗಡೆಯದರ ಹತ್ತಿರ ಬಂದಾಗಲೇ ಗೇಮ್ ಬಿದ್ದರೆ ಕಾರಣ ಸಿಕ್ಕಿತು. ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ವರ್ಚುವಲ್ ಮೆಮೊರಿ ತೆಗೆದು ಪೇಜ್ ಫೈಲ್ ಮತ್ತೆ ಆನ್ ಮಾಡಿ. ಗಾತ್ರವನ್ನು ವಿಂಡೋಸ್‌ಗೇ ಬಿಟ್ಟರೂ ನಡೆಯುತ್ತದೆ. ದೊಡ್ಡ ಮಾಡ್ ಪಟ್ಟಿ ಇದ್ದವರು ಕನಿಷ್ಠ 20480, ಗರಿಷ್ಠ 40960 ಎಂಬಿ ಇಡುವುದುಂಟು. ಎಸ್‌ಎಸ್‌ಡಿಯಲ್ಲಿ ಅಷ್ಟು ಜಾಗ ಖಾಲಿ ಇದ್ದರೆ ನೀವೂ ಇಡಿ, ಆಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ. ನಿಮ್ಮ ಗೆಳೆಯ ಒಳ್ಳೆಯದಕ್ಕೇ ಹೇಳಿದ್ದು. ಆದರೆ ದಿನಾ ಒಂದೆರಡು ತಾಸು ಆಡುವವರ ಪೇಜ್ ಫೈಲ್‌ನಿಂದ ಎಸ್‌ಎಸ್‌ಡಿ ಸವೆದು ಹೋಗುವ ಭಯ ಬೇಡ.

ಇನ್ನು ಆ ಮೆಮೊರಿ ಪ್ಯಾಚ್ ಸಾಲುಗಳು. 768, 256 ಅಂತ ಅಂಕಿ ಇರುವ ಸಾಲುಗಳನ್ನೇ ಹಾಕಿರುತ್ತೀರಿ, ಅಲ್ವಾ? ಅವು 2011ರ ಹಳೇ ಸ್ಕೈರಿಮ್‌ಗೆ ಬರೆದವು. ಅದು 32 ಬಿಟ್ ಗೇಮ್. ನಿಮ್ಮ ಹತ್ತಿರ 64 ಜಿಬಿ ರ‍್ಯಾಮ್ ಇದ್ದರೂ ಅದು 4 ಜಿಬಿ ದಾಟಿ ಬಳಸಲಾರದು. ಅದಕ್ಕೇ ಆ ಕಾಲದ ಮಾಡ್ ಪ್ರಿಯರು ಮೆಮೊರಿಗಾಗಿ ಅಷ್ಟು ಒದ್ದಾಡಿದ್ದು. ಅವರು ಕಂಡುಹಿಡಿದ ಉಪಾಯಗಳ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ 2016ರಲ್ಲಿ ಬಂದ ಸ್ಪೆಷಲ್ ಎಡಿಷನ್ 64 ಬಿಟ್. ಇದರಲ್ಲಿ ಆ ಸಾಲುಗಳಿಗೆ ಕೆಲಸವೇ ಇಲ್ಲ, ತೆಗೆದುಬಿಡಿ. ಯಾವ ಸಲಹೆ ಓದಿದರೂ ಅದು ಯಾವ ಎಡಿಷನ್‌ಗೆ ಅಂತ ಮೊದಲು ನೋಡಿ.

ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿ ಬೇರೆಯೇ ಲೆಕ್ಕ. ಟೆಕ್ಸ್ಚರ್ ಅಂದರೆ ಆಟದ ವಸ್ತುಗಳ ಮೇಲೆ ಹೊದಿಸುವ ಚಿತ್ರ. 4ಕೆ ಟೆಕ್ಸ್ಚರ್ ಅಂದರೆ 4096 ಪಿಕ್ಸೆಲ್ ಉದ್ದ, 4096 ಅಗಲ. ಒತ್ತಿ ಚಿಕ್ಕದು ಮಾಡಿದ ಮೇಲೂ ಅಂಥ ಒಂದು ಚಿತ್ರಕ್ಕೆ ಸುಮಾರು 21 ಎಂಬಿ ಬೇಕು. 2ಕೆ ಆದರೆ ಐದು ಎಂಬಿ ಚಿಲ್ಲರೆ. ಒಂದೇ ವಸ್ತುವಿಗೆ ಇಂಥ ಎರಡು ಮೂರು ಚಿತ್ರ ಇರುತ್ತವೆ. ಮೇಜಿನ ಮೇಲಿನ ಲೋಟ, ತಟ್ಟೆ, ಬ್ರೆಡ್ಡಿಗೂ 4ಕೆ ಹಾಕಿದರೆ ನಿಮ್ಮ 4 ಜಿಬಿ ಎಷ್ಟು ಹೊತ್ತು ತಾಳೀತು? ಅದು ತುಂಬಿದ ಮೇಲೆ ಮಿಕ್ಕಿದ್ದು ರ‍್ಯಾಮ್‌ಗೆ ಹರಿಯುತ್ತದೆ. ಗೇಮ್ ತಡವರಿಸುತ್ತದೆ, ಮೇಲೆ ಹೇಳಿದ ಮಿತಿಯೂ ಬೇಗ ತುಂಬುತ್ತದೆ. ನಿಮ್ಮ ಕಾರ್ಡ್‌ಗೆ ನೆಲ, ಬೆಟ್ಟ, ಗೋಡೆ 2ಕೆ ಇರಲಿ, ಸಣ್ಣ ಸಾಮಾನು 1ಕೆ ಸಾಕು. ಬಹಳ ಮಾಡ್‌ಗಳಲ್ಲಿ 2ಕೆ ಫೈಲ್ ಬೇರೆಯಾಗಿಯೇ ಸಿಗುತ್ತದೆ. ಇಲ್ಲದಿದ್ದರೆ ಕ್ಯಾಥೆಡ್ರಲ್ ಅಸೆಟ್ಸ್ ಆಪ್ಟಿಮೈಜರ್ ಅನ್ನುವ ತಂತ್ರಾಂಶದಲ್ಲಿ ಚಿಕ್ಕದು ಮಾಡಿಕೊಳ್ಳಬಹುದು. ಓಡಾಡುತ್ತಾ ಆಡುವಾಗ ವ್ಯತ್ಯಾಸ ಕಣ್ಣಿಗೆ ಬೀಳುವುದು ಬಹಳ ಕಡಿಮೆ.

ಇಷ್ಟಾದ ಮೇಲೂ ಬಿದ್ದರೆ ಕ್ರ್ಯಾಶ್ ಲಾಗರ್ ಮಾಡ್ ಹಾಕಿ. ಇದಕ್ಕೆ ಎಸ್‌ಕೆಎಸ್‌ಇ, ಅಂದರೆ ಮಾಡ್‌ಗಳಿಗೆ ಹೆಚ್ಚಿನ ಶಕ್ತಿ ಕೊಡುವ ಸ್ಕೈರಿಮ್ ಸ್ಕ್ರಿಪ್ಟ್ ಎಕ್ಸ್‌ಟೆಂಡರ್, ಇರಲೇಬೇಕು. ಗೇಮ್ ಬಿದ್ದಾಗೆಲ್ಲ ಡಾಕ್ಯುಮೆಂಟ್ಸ್‌ನ ಮೈ ಗೇಮ್ಸ್ ಫೋಲ್ಡರ್‌ನೊಳಗೆ ಒಂದು ಲಾಗ್ ಬರೆದಿಡುತ್ತದೆ. ತೆರೆದರೆ ಗಾಬರಿ ಆಗಬೇಡಿ. 'ಆಕ್ಸೆಸ್ ವಯಲೇಶನ್' ಅಂತ ಕಂಡ ಕೂಡಲೇ ಮೆಮೊರಿ ಸಾಲದು ಅಂದುಕೊಳ್ಳಬೇಡಿ. ಗೇಮ್ ತನ್ನದಲ್ಲದ ಅಥವಾ ಏನೂ ಇಲ್ಲದ ಜಾಗಕ್ಕೆ ಕೈ ಹಾಕಿತು ಅಂತ ಮಾತ್ರ ಅದರ ಅರ್ಥ. ಕೆಟ್ಟ ಮಾಡೆಲ್ ಫೈಲ್, ಎರಡು ಮಾಡ್‌ಗಳ ಜಗಳ, ಯಾವುದರಿಂದಲೂ ಹಾಗಾಗಬಹುದು. ಒಂದೇ ಲಾಗ್ ನೋಡಿ ತೀರ್ಮಾನಕ್ಕೆ ಬರಬೇಡಿ. ಮೂರು ನಾಲ್ಕನ್ನು ಪಕ್ಕಪಕ್ಕ ಇಡಿ. ಮೂರರಲ್ಲೂ ಒಂದೇ ಮಾಡ್‌ನ ಫೈಲ್ ಹೆಸರು ಬಂದರೆ ಅಲ್ಲಿಂದ ಹುಡುಕಿ. ಪ್ರತಿ ಸಲ ಬೇರೆ ಬೇರೆ ಹೆಸರು ಬಂದರೆ ಮತ್ತೆ ಕಮಿಟೆಡ್ ಅಂಕಿ ನೋಡಿ, ಜೊತೆಗೆ ಹೊಸ ರ‍್ಯಾಮ್ ಕಡ್ಡಿಯನ್ನೂ ಪರೀಕ್ಷಿಸಿ. ಹಳೆಯದರ ಪಕ್ಕ ಬೇರೆ ಕಂಪನಿಯ, ಬೇರೆ ವೇಗದ ಕಡ್ಡಿ ಕೂರಿಸಿದರೆ ಕೆಲವೊಮ್ಮೆ ಹೊಂದುವುದಿಲ್ಲ. ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಿಸಿ. ಒಂದೇ ಒಂದು ಎರರ್ ಬಂದರೂ ಕಡ್ಡಿ ತೆಗೆದುಕೊಂಡು ಅಂಗಡಿಗೆ ಹೋಗಿ, ವಾರಂಟಿ ಕೇಳಿ.

ಗೇಮ್ ಮೆನು ಬರುವ ಮೊದಲೇ ಬಿದ್ದರೆ ಮೆಮೊರಿಯ ಯೋಚನೆಯೇ ಬೇಡ. ಯಾವುದೋ ಮಾಡ್ ಬೇಡುವ ಮತ್ತೊಂದು ಫೈಲ್ ಇಲ್ಲ, ಇಲ್ಲವೇ ವರ್ಷನ್ ಹೊಂದುತ್ತಿಲ್ಲ. 2021ರ ನವೆಂಬರ್‌ನ ಅಪ್‌ಡೇಟ್‌ನಿಂದ ಗೇಮ್ 1.6 ಆಯಿತು. ಹಿಂದಿನ 1.5.97 ವರ್ಷನ್‌ಗೆ ಮಾಡಿದ ಎಸ್‌ಕೆಎಸ್‌ಇ ಮಾಡ್‌ಗಳು ಅದರಲ್ಲಿ ಹಾಗೇ ನಡೆಯುವುದಿಲ್ಲ.

ಪ್ರಶ್ನೆ: ನಮ್ಮ ಊರು ಶಹಾಬಾದ್. ಮನೆ ಹತ್ತಿರ ಕಲ್ಲು ಪಾಲಿಶ್ ಮಾಡುವ ಜಾಗ ಇದೆ. ಮಾಡ್ ಹಾಕಿದ ಮೇಲೆ ಮಧ್ಯಾಹ್ನ ಆಡಿದರೆ ಇಡೀ ಕಂಪ್ಯೂಟರ್ರೇ ಆಫ್ ಆಗುತ್ತದೆ. ರಾತ್ರಿ ಏನೂ ತೊಂದರೆ ಇಲ್ಲ. ಯಾವ ಮಾಡ್ ತೆಗೆಯಲಿ?

ಉತ್ತರ: ಯಾವುದನ್ನೂ ತೆಗೆಯಬೇಡಿ. ಮಾಡ್ ಕೆಟ್ಟರೆ ಗೇಮ್ ಬೀಳುತ್ತದೆ, ಕಂಪ್ಯೂಟರ್ ಹೀಗೆ ಆರಿಹೋಗುವುದಿಲ್ಲ. ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಅಂದರೆ ಯಾರಿಗೂ ಆಶ್ಚರ್ಯ ಇಲ್ಲ. ಡಬ್ಬದೊಳಗೆ ಫ್ಯಾನ್ ಬೀಸುವುದೂ ಅದೇ ಬಿಸಿ ಗಾಳಿಯನ್ನೇ. ಅದರ ಮೇಲೆ ಕಲ್ಲಿನ ಧೂಳು. ಅದು ಹಿಟ್ಟಿನಷ್ಟು ನುಣುಪು, ಬಿಸಿ ಹೊರಹಾಕುವ ಹೀಟ್‌ಸಿಂಕ್‌ನ ಸಂದುಗಳಲ್ಲಿ ಕೂತರೆ ಗಾಳಿ ಆಡುವುದೇ ಇಲ್ಲ. ಮಾಡ್‌ಗಳಿಂದ ಕಾರ್ಡ್‌ಗೆ ಕೆಲಸ ಜಾಸ್ತಿಯಾಯಿತು, ಅಷ್ಟೇ.

ಪ್ಲಗ್ ತೆಗೆದು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಬ್ಲೋಯರ್‌ನಿಂದ ಊದಿಸಿ. ಮೂರು ನಾಲ್ಕು ವರ್ಷ ಹಳೆಯದಾದರೆ ಥರ್ಮಲ್ ಪೇಸ್ಟ್ ಬದಲಿಸಿ. ಗೇಮ್ ಅನ್ನು ಸೆಕೆಂಡಿಗೆ 60 ಫ್ರೇಮ್‌ಗೆ (ಚಿತ್ರಕ್ಕೆ) ಕಟ್ಟಿ. ಬಿಸಿ ಇಳಿಯುತ್ತದೆ, ಸ್ಕೈರಿಮ್‌ಗೂ ಅದೇ ಒಳ್ಳೆಯದು, ಯಾಕೆಂದರೆ 60 ದಾಟಿದರೆ ಅದರಲ್ಲಿ ಸಾಮಾನುಗಳು ತಾವಾಗಿಯೇ ಹಾರಾಡುತ್ತವೆ. ಇಷ್ಟು ಮಾಡಿದರೂ ಆರಿದರೆ ಪವರ್ ಸಪ್ಲೈ ನೋಡಿಸಿ. ಮಧ್ಯಾಹ್ನ ವೋಲ್ಟೇಜ್ ಇಳಿಯುವ ಮನೆಯಾದರೆ ಒಳ್ಳೆಯ ಯುಪಿಎಸ್ ಬೇಕೇ ಬೇಕು.

ಪ್ರಶ್ನೆ: ಯಾದಗಿರಿಯಿಂದ ಬರೆಯುತ್ತಿದ್ದೇನೆ. ಕ್ರ್ಯಾಶ್ ಆಗುತ್ತಿತ್ತು ಅಂತ ಅರ್ಧ ಆಟದಲ್ಲಿ ನಾಲ್ಕು ಮಾಡ್ ತೆಗೆದೆ. ಈಗ ಹಳೇ ಸೇವ್ ತೆರೆಯುವುದೇ ಇಲ್ಲ. ಎರಡು ತಿಂಗಳ ಆಟ ಸರ್.

ಉತ್ತರ: ನಿಮ್ಮ ಸಂಕಟ ಅರ್ಥ ಆಗುತ್ತದೆ. ಮೊದಲು ಸೇವ್ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಆಮೇಲೆ ಆ ನಾಲ್ಕೂ ಮಾಡ್‌ಗಳನ್ನು, ಅದೇ ವರ್ಷನ್‌ನಲ್ಲಿ, ಮೊದಲಿನ ಕ್ರಮದಲ್ಲೇ ವಾಪಸ್ ಹಾಕಿ. ಬಹಳ ಸಲ ಸೇವ್ ಮತ್ತೆ ತೆರೆಯುತ್ತದೆ. ಬರೀ ಟೆಕ್ಸ್ಚರ್ ಮಾಡ್ ತೆಗೆದರೆ ಸೇವ್‌ಗೆ ಏನೂ ಆಗುವುದಿಲ್ಲ. ಸ್ಕ್ರಿಪ್ಟ್ (ಆಟದೊಳಗೆ ಓಡುವ ಸಣ್ಣ ಪ್ರೋಗ್ರಾಂ) ಇರುವ ಮಾಡ್ ಹಾಗಲ್ಲ, ಅದರ ಬೇರು ಸೇವ್ ಒಳಗೇ ಇಳಿದಿರುತ್ತದೆ. ಸೇವ್ ಸರಿಪಡಿಸುವ ರೀಸೇವರ್ ಅನ್ನುವ ತಂತ್ರಾಂಶದಿಂದ, ಮಾಡ್ ಹೋದರೂ ಉಳಿದ ಅನಾಥ ಸ್ಕ್ರಿಪ್ಟ್‌ಗಳನ್ನು ತೆಗೆಯಬಹುದು, ಆದರೆ ಎಲ್ಲ ಸಲ ಗುಣ ಕಾಣುವುದಿಲ್ಲ. ಆದ್ದರಿಂದ ಸೇವ್ ತೆರೆದರೆ ಆ ನಾಲ್ಕೂ ಮಾಡ್‌ಗಳನ್ನು ಹಾಗೇ ಇಟ್ಟುಕೊಂಡು ಆಟ ಮುಗಿಸಿ. ಕ್ರ್ಯಾಶ್‌ಗೆ ಲಾಗ್ ನೋಡಿ ಬೇರೆ ದಾರಿ ಹುಡುಕೋಣ. ಮೂರು ಲಾಗ್ ಕಳಿಸಿ, ಓದಿ ಬರೆಯುತ್ತೇನೆ.