ಮೊಟ್ಟೆ ಚಿಪ್ಪಿಟ್ಟರೆ ಶತ್ರುವಿನ ವಾಸನೆ ಎಂದು ಹೆದರಿ ಹಲ್ಲಿ ಓಡಿಹೋಗುತ್ತದೆ ಎನ್ನುತ್ತಾರೆ, ನಿಜವೇ? ಹಲ್ಲಿಗೆ ಶತ್ರುವಿನ ವಾಸನೆ ಗೊತ್ತಾಗುತ್ತದೆಯೇ?

ಚಿಪ್ಪಿನ ವಿಷಯ ಮೊದಲು. ನಮ್ಮ ಅಡುಗೆಮನೆ ಕಿಟಕಿಯಲ್ಲೂ ಅಮ್ಮ ಎರಡು ಚಿಪ್ಪು ಇಟ್ಟಿದ್ದರು. ನಾಲ್ಕನೇ ರಾತ್ರಿ ಹಲ್ಲಿ ಅದರ ಪಕ್ಕದಲ್ಲೇ ಕೂತು ಹುಳ ಹಿಡಿಯುತ್ತಿತ್ತು. ಅಂದಿನಿಂದ ನನಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ.

ಆದರೆ ಶತ್ರುವಿನ ವಾಸನೆ ಗೊತ್ತಾಗುತ್ತದೆಯೇ ಎಂದರೆ, ಹಲ್ಲಿಯ ಬಳಗದ ಎಷ್ಟೋ ಜೀವಿಗಳಿಗೆ ಖಂಡಿತ ಗೊತ್ತಾಗುತ್ತದೆ. ಮೂಗಿಗಿಂತ ಹೆಚ್ಚಾಗಿ ನಾಲಿಗೆಯಿಂದ! ತೋಟದಲ್ಲಿ ತರಗೆಲೆ ಮೇಲೆ ಹರಿಯುವ ಹಾವುರಾಣಿಯನ್ನು ಒಮ್ಮೆ ಅಲ್ಲಾಡದೆ ನಿಂತು ನೋಡಿ. ಎರಡು ಹೆಜ್ಜೆ ಇಡುತ್ತದೆ, ನಾಲಿಗೆ ಚಾಚಿ ನೆಲ ಮುಟ್ಟುತ್ತದೆ, ಒಳಗೆಳೆದುಕೊಳ್ಳುತ್ತದೆ, ಮತ್ತೆ ಎರಡು ಹೆಜ್ಜೆ. ನಾಲಿಗೆಗೆ ಅಂಟಿದ ಕಣಗಳು ಬಾಯಿಯ ಮೇಲ್ಭಾಗದಲ್ಲಿರುವ ಎರಡು ಸಣ್ಣ ರಂಧ್ರಗಳ ಮೂಲಕ, ವಾಸನೆ ಗುರುತಿಸುವ ಜೇಕಬ್‌ಸನ್ ಅಂಗ ಸೇರುತ್ತವೆ. ಹಾವು ಹರಿದುಹೋದ ಜಾಗದಲ್ಲಿ ಅದರ ಚರ್ಮದ ಜಿಡ್ಡು ಉಳಿದಿರುತ್ತದೆ. ಅದು ಗಾಳಿಯಲ್ಲಿ ಸುಲಭವಾಗಿ ಹರಡುವುದಿಲ್ಲ, ಮುಟ್ಟಿಯೇ ತಿಳಿಯಬೇಕು.

ನನಗೆ ಬಹಳ ಇಷ್ಟವಾದ ಉದಾಹರಣೆ ಆಸ್ಟ್ರೇಲಿಯಾದ ಸಿಡ್ನಿ ಸುತ್ತಲಿನ ಮರಳುಗಲ್ಲಿನ ಬಂಡೆಗಳದ್ದು. ಅಲ್ಲಿನ ವೆಲ್ವೆಟ್ ಗೆಕೋ ಎಂಬ ಹಲ್ಲಿ ಹಗಲೆಲ್ಲ ಕಲ್ಲಿನಡಿ ಅಡಗಿರುತ್ತದೆ. ಅದನ್ನು ತಿನ್ನುವ ಬ್ರಾಡ್-ಹೆಡೆಡ್ ಹಾವೂ ಅಂಥದೇ ಕಲ್ಲಿನಡಿ ದಿನಗಟ್ಟಲೆ ಕದಲದೆ ಹೊಂಚುಹಾಕುತ್ತದೆ. ಕತ್ತಲ ಬಿರುಕಿನಲ್ಲಿ ಕಣ್ಣು ಏನು ಮಾಡೀತು? ಹಾವಿನ ವಾಸನೆ ಹತ್ತಿದ ಬಿರುಕನ್ನು ಈ ಹಲ್ಲಿ ಬಿಟ್ಟುಹೋಗುತ್ತದೆ ಎಂದು ಸಂಶೋಧಕರಾದ ಶರನ್ ಡೌನ್ಸ್, ರಿಕ್ ಶೈನ್ 1998ರಲ್ಲಿ ಪ್ರಕಟಿಸಿದರು.

ಎಲ್ಲವೂ ಜಾಗ ಬಿಟ್ಟು ಓಡುವುದಿಲ್ಲ. ಯೂರೋಪಿನ ಒಂದು ಸಾಮಾನ್ಯ ಹಲ್ಲಿಗೆ ವೈಪರ್ ಹಾವಿನ ವಾಸನೆ ಸಿಕ್ಕರೆ ನಾಲಿಗೆ ಚಾಚುವುದು ಹೆಚ್ಚುತ್ತದೆ, ನಡಿಗೆ ತಡೆತಡೆದು ನಿಧಾನವಾಗುತ್ತದೆ, ಬಾಲ ನಡುಗುತ್ತದೆ. ಹಾವನ್ನೇ ಕಾಣದ ಮರಿಗಳಲ್ಲೂ ಈ ಎಚ್ಚರ ಕಂಡಿದೆ, ಅಂದರೆ ಇದು ಹುಟ್ಟಿನಿಂದಲೇ ಬಂದದ್ದು. ಈ ಎಚ್ಚರಕ್ಕೆ ಬೆಲೆಯೂ ಇದೆ: ಅಡಗಿ ಕೂತಷ್ಟು ಹೊತ್ತು ಬಿಸಿಲೂ ಇಲ್ಲ, ಊಟವೂ ಇಲ್ಲ.

ನಮ್ಮ ಬೇಲಿಯ ಓತಿಕ್ಯಾತ ಮಾತ್ರ ಹೆಚ್ಚಾಗಿ ಕಣ್ಣನ್ನೇ ನಂಬುತ್ತದೆ.

ನಿಮ್ಮ ಮನೆಯ ಹಲ್ಲಿ ಬರುವುದು ದೀಪಕ್ಕೆ ಮುತ್ತುವ ಹುಳಗಳಿಗಾಗಿ. ಸಂಜೆ ಕಿಟಕಿ ಹತ್ತಿರದ ದೀಪ ಆರಿಸಿ, ಸೊಳ್ಳೆ ಪರದೆ ಹಾಕಿಸಿ. ಚಿಪ್ಪನ್ನು ಪುಡಿ ಮಾಡಿ ಗುಲಾಬಿ ಗಿಡದ ಬುಡಕ್ಕೆ ಹಾಕಿಬಿಡಿ.