ಹಡಗು ಹೊರಡೋದು ನಾಳೆ, ಇವತ್ತೇನು ಮಾಡೋದು?

ಪ್ರವಾಸದ ಪ್ರಶ್ನೆಗಳಿಗೆ ಉತ್ತರ ಕೊಡುವ ಈ ಅಂಕಣಕ್ಕೆ ಈ ಸಲ ಹಡಗಿನ ಪ್ರವಾಸದ ಪತ್ರಗಳೇ ಜಾಸ್ತಿ. ಮೈಸೂರು, ಮಂಡ್ಯದ ಕಡೆಯಿಂದ ಹಡಗು ಹತ್ತೋಕೆ ಹೋಗುವವರು ಈಗ ಬೇಕಾದಷ್ಟು ಜನ ಇದ್ದಾರೆ. ಒಂದೇ ವಿಷಯದ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದವರು. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮೊಮ್ಮಗ, ಮೂವರೂ ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗಿಗೆ ಬುಕ್ ಮಾಡಿದ್ದೇವೆ. ಹಡಗು ಒಂದು ದಿನ ತಡವಾಗಿ ಹೊರಡುತ್ತೆ ಅಂತ ಈಗ ಮೆಸೇಜ್ ಬಂದಿದೆ. ವಿಮಾನದ ಟಿಕೆಟ್ ಬದಲಾಯಿಸಿದರೆ ತುಂಬ ಖರ್ಚು, ಹಾಗಾಗಿ ಹಳೇ ದಿನಕ್ಕೇ ಹೋಗುತ್ತಿದ್ದೇವೆ. ಮುಂಬಯಿ ನಾವು ನೋಡಿಲ್ಲ. ಟ್ಯಾಕ್ಸಿ ಮಾಡಿ ಇಡೀ ಊರು ಸುತ್ತೋಣ ಅಂತ ಯಜಮಾನರು, ರೂಮಿನಲ್ಲೇ ಸುಧಾರಿಸಿಕೊಳ್ಳೋಣ ಅಂತ ನಾನು. ಯಾವುದು ಸರಿ?

ಉತ್ತರ: ಎರಡೂ ಬೇಡ. ರೂಮಿನಲ್ಲಿ ಮಲಗೋಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಇಡೀ ಮುಂಬಯಿಯನ್ನು ಒಂದು ದಿನದಲ್ಲಿ ನೋಡ್ತೀವಿ ಅಂತ ಹೊರಟವರು ನೋಡೋದು ಟ್ಯಾಕ್ಸಿಯ ಮುಂದೆ ನಿಂತಿರುವ ಇನ್ನೊಂದು ಟ್ಯಾಕ್ಸಿಯನ್ನು ಅಷ್ಟೇ. ಸಿದ್ಧಿವಿನಾಯಕ, ಹಾಜಿ ಅಲಿ, ಬಾಂದ್ರಾ, ಜುಹೂ ಅಂತ ಪಟ್ಟಿ ಮಾಡಿಕೊಂಡರೆ ಅರ್ಧ ದಿನ ಕಾರಿನಲ್ಲೇ ಕಳೆದುಹೋಗುತ್ತೆ, ಮೊಮ್ಮಗ ಮಧ್ಯಾಹ್ನಕ್ಕೇ ಸುಸ್ತಾಗಿರುತ್ತಾನೆ, ಮಾರನೇ ದಿನ ಹಡಗಿನ ಕ್ಯೂನಲ್ಲಿ ನಿಮಗೂ ಕಾಲು ನೋವು. ಹಡಗುಕಟ್ಟೆಯ ಸುತ್ತಮುತ್ತಲ ಊರನ್ನೇ ನೋಡಿ. ಮುಂಬಯಿಯ ಮಟ್ಟಿಗೆ ಇದು ಅದೃಷ್ಟ, ಯಾಕೆಂದರೆ ಹಡಗು ಹೊರಡುವ ಬಲ್ಲಾರ್ಡ್ ಪಿಯರ್ ಪಕ್ಕದಲ್ಲೇ ಆ ಊರಿನ ಒಳ್ಳೇ ಭಾಗ ಇದೆ.

ಅದಕ್ಕೂ ಮುಂಚೆ, ಮನೆಯಲ್ಲಿ ಕೂತೇ ಮಾಡಬೇಕಾದ ಕೆಲಸ. ಹಡಗು ಒಂದು ದಿನ ತಡವಾಗಿ ಹೊರಟರೆ ವಾಪಸ್ ಬರೋದೂ ತಡ ಆಗಬಹುದು, ಅಲ್ವಾ? ವಾಪಸ್ ವಿಮಾನದ ಟಿಕೆಟ್ ಆ ದಿನಕ್ಕೆ ಹೊಂದುತ್ತಾ ನೋಡಿ. ಲಕ್ಷದ್ವೀಪಕ್ಕೆ ಕಾಲಿಡೋಕೆ ಪ್ರವೇಶ ಪರವಾನಗಿ ಬೇಕು. ನಿಮ್ಮದನ್ನು ಹಡಗಿನವರೇ ಮಾಡಿಸಿದ್ದರೂ ಹೊಸ ದಿನಾಂಕ ಅದರಲ್ಲಿ ಸರಿಯಾಗಿದೆಯಾ ಅಂತ ಬರವಣಿಗೆಯಲ್ಲಿ ಕೇಳಿ, ಫೋನಿನಲ್ಲಿ ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ. ತಡ ಮಾಡಿದ್ದು ಅವರು, ಹಾಗಾಗಿ ಆ ಒಂದು ರಾತ್ರಿಯ ಹೋಟೆಲ್ ಖರ್ಚು ಕೊಡ್ತಾರಾ ಅಂತಲೂ ಕೇಳಿ. ಕೇಳೋದರಲ್ಲಿ ನಾಚಿಕೆ ಏನಿಲ್ಲ.

ಹೋಟೆಲನ್ನು ವಿಮಾನ ನಿಲ್ದಾಣದ ಹತ್ತಿರ ಮಾಡಬೇಡಿ. ನಿಲ್ದಾಣ ಇರೋದು ಊರಿನ ಉತ್ತರಕ್ಕೆ, ಹಡಗುಕಟ್ಟೆ ದಕ್ಷಿಣದ ತುದಿಯ ಕಡೆಗೆ. ಬಂದ ದಿನವೇ ದಕ್ಷಿಣಕ್ಕೆ ಬಂದು ಕೋಟೆ ಪ್ರದೇಶದಲ್ಲಿ, ಅಂದರೆ ಫೋರ್ಟ್ ಅಥವಾ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣದ ಸುತ್ತ ಉಳಿದುಕೊಂಡರೆ ಹಡಗು ಹತ್ತುವ ದಿನ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನ ದಾರಿ ಅಷ್ಟೇ. ಟ್ರಾಫಿಕ್ ಭಯ ಇರುವುದಿಲ್ಲ. ರೂಮಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಇದು ದಂಡ ಅಲ್ಲ.

ಇನ್ನು ಆ ದಿನದ ಮಾತು. ಬೆಳಗ್ಗೆ ತಿಂಡಿಗೆ ಲೋಕಲ್ ರೈಲಿನಲ್ಲಿ ಮಾತುಂಗಾಕ್ಕೆ ಹೋಗಿ. ಲೋಕಲ್ ಅಂದ ತಕ್ಷಣ ಹೆದರಬೇಡಿ. ಬೆಳಗಿನ ಜನಸಾಗರ ಬರೋದು ಉತ್ತರದಿಂದ ಸಿಎಸ್‌ಎಂಟಿ ಕಡೆಗೆ. ನೀವು ಹೋಗೋದು ಅದರ ಎದುರು ದಿಕ್ಕಿನಲ್ಲಿ, ಹಾಗಾಗಿ ಆರಾಮಾಗಿ ಸೀಟು ಸಿಗುತ್ತೆ. ಸ್ಲೋ ರೈಲನ್ನೇ ಹತ್ತಿ, ಫಾಸ್ಟ್ ರೈಲು ಮಾತುಂಗಾದಲ್ಲಿ ನಿಲ್ಲೋದಿಲ್ಲ. ಆ ಸ್ಟೇಷನ್ನಿನ ಒಂದು ವಿಶೇಷ ಮೊಮ್ಮಗನಿಗೆ ಹೇಳಿ: 2017ರಿಂದ ಅದನ್ನು ನಡೆಸುತ್ತಿರೋದು ಪೂರ್ತಿ ಮಹಿಳಾ ಸಿಬ್ಬಂದಿ. ಹೊರಗೆ ಬಂದರೆ ಬಾಳೆಎಲೆ, ಮಲ್ಲಿಗೆ, ಕಾಫಿಪುಡಿ ಅಂಗಡಿ, ಉಡುಪಿ ಹೋಟೆಲ್‌ಗಳು. ಕನ್ನಡ ಮಾತೂ ಕಿವಿಗೆ ಬೀಳುತ್ತೆ. ಅಲ್ಲೇ ಭಾವುದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಇದೆ. 1926ರಲ್ಲಿ, ನಾಲ್ವಡಿಯವರ ಕಾಲದಲ್ಲೇ ಶುರುವಾದದ್ದು. ಹೊಟ್ಟೆಪಾಡಿಗೆ ಮುಂಬಯಿಗೆ ಹೋದ ನಮ್ಮ ಕಡೆಯ ಜನ ಅಷ್ಟು ದೂರದಲ್ಲಿ ಕನ್ನಡ ನಾಟಕ, ಸಂಗೀತಕ್ಕೆ ಒಂದು ಜಾಗ ಮಾಡಿಕೊಂಡು ಅದನ್ನು ಇಷ್ಟು ವರ್ಷ ಉಳಿಸಿಕೊಂಡಿದ್ದಾರೆ ಅನ್ನೋದು ದೊಡ್ಡ ವಿಷಯ. ಮೈಸೂರಿನವರು ಅದರ ಬಾಗಿಲ ತನಕ ಆದರೂ ಹೋಗಿ ಬರಬೇಕು ಅಂತ ನನ್ನ ಆಸೆ. ಅಂದ ಹಾಗೆ ಮುಂಬಯಿಯಲ್ಲಿ ಮೈಸೂರು ಮಸಾಲೆ ದೋಸೆ ಅಂತ ಕೊಡೋದು ನಮ್ಮದರ ಥರ ಇರುವುದಿಲ್ಲ, ಅದರ ದಾರಿಯೇ ಬೇರೆ. ರುಚಿ ನೋಡಿ.

ಹನ್ನೊಂದು ಗಂಟೆ ದಾಟಿದ ಮೇಲೆ ವಾಪಸ್ ರೈಲು ಹತ್ತಿ, ಆಗ ನೂಕುನುಗ್ಗಲು ಇಳಿದಿರುತ್ತೆ. ಸಿಎಸ್‌ಎಂಟಿಯಲ್ಲಿ ಇಳಿದು ಹೊರಗೆ ಬಂದು ರಸ್ತೆಯ ಆ ಕಡೆ ನಿಂತು ಒಂದು ಸಲ ಕಟ್ಟಡವನ್ನು ಪೂರ್ತಿ ನೋಡಿ. 1878ರಲ್ಲಿ ಶುರುವಾಗಿ ಮುಗಿಯೋಕೆ ಹತ್ತು ವರ್ಷ ಹಿಡಿದ ಸ್ಟೇಷನ್ ಅದು, 2004ರಿಂದ ವಿಶ್ವ ಪರಂಪರೆಯ ತಾಣ. ಊಟ ಮುಗಿಸಿ ಬಿಸಿಲಿನ ಹೊತ್ತಿಗೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಒಳಗೆ ಸೇರಿಕೊಳ್ಳಿ. ಅದರ ಗುಮ್ಮಟ ಕಂಡ ಕೂಡಲೇ ನಿಮಗೆ ನಮ್ಮ ಅರಮನೆ ನೆನಪಾಗುತ್ತೆ, ಎರಡೂ ಭಾರತದ, ಇಸ್ಲಾಮಿನ, ಯುರೋಪಿನ ಕಟ್ಟಡ ರೀತಿಗಳನ್ನು ಬೆರೆಸಿದ ಇಂಡೋ-ಸಾರ್ಸೆನಿಕ್ ಶೈಲಿಯವೇ. ಒಳಗಿರುವ ಎಲ್ಲವನ್ನೂ ನೋಡೋಕೆ ಹೋಗಬೇಡಿ. ಶಿಲ್ಪಗಳ ಕೋಣೆ, ಚಿಕ್ಕ ಚಿತ್ರಗಳ ಕೋಣೆ ಸಾಕು, ಹುಡುಗ ಕೇಳಿದರೆ ಆಯುಧಗಳದ್ದು. ಇದನ್ನು ವಿನ್ಯಾಸ ಮಾಡಿದ ಜಾರ್ಜ್ ವಿಟೆಟ್ ಅವರೇ ಗೇಟ್‌ವೇ ಆಫ್ ಇಂಡಿಯಾವನ್ನೂ ಮಾಡಿದ್ದು, ನೀವು ಮಾರನೇ ದಿನ ಹಾದು ಹೋಗುವ ಬಲ್ಲಾರ್ಡ್ ಎಸ್ಟೇಟಿನ ಕಟ್ಟಡಗಳೂ ಅವರ ಕೈಯವೇ. ಒಬ್ಬರ ಕೆಲಸವನ್ನು ಹೀಗೆ ಬೆನ್ನಿಗೆ ಬೆನ್ನಿಗೆ ನೋಡೋಕೆ ಸಿಗೋದು ಅಪರೂಪ.

ಸಂಜೆ ಓವಲ್ ಮೈದಾನ. ದಯವಿಟ್ಟು ಇದನ್ನು ಬಿಡಬೇಡಿ. ಟಿಕೆಟ್ ಇಲ್ಲ, ಕ್ಯೂ ಇಲ್ಲ. ಮೈದಾನದ ಒಂದು ಬದಿಗೆ ಹೈಕೋರ್ಟು, ವಿಶ್ವವಿದ್ಯಾಲಯ, ಸುಮಾರು 85 ಮೀಟರ್ ಎತ್ತರದ ರಾಜಾಬಾಯಿ ಗಡಿಯಾರ ಗೋಪುರ, ಎಲ್ಲ ಹತ್ತೊಂಬತ್ತನೇ ಶತಮಾನದ ಚೂಪು ಕಮಾನುಗಳ ಕಲ್ಲಿನ ಕಟ್ಟಡಗಳು. ಇನ್ನೊಂದು ಬದಿಗೆ 1930ರ ದಶಕದಲ್ಲಿ ಶುರುವಾದ ಆರ್ಟ್ ಡೆಕೊ ಮನೆಗಳು, ದುಂಡಗಿನ ಬಾಲ್ಕನಿ, ತಿಳಿ ಬಣ್ಣ. ನಡುವೆ ಹುಡುಗರ ಕ್ರಿಕೆಟ್. ಮಧ್ಯದಲ್ಲಿ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿದರೆ ಸಾಕು, ಎರಡು ಕಾಲದ ಮುಂಬಯಿ ಕಾಣುತ್ತೆ. ಈ ಎರಡೂ ಸೇರಿ 2018ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಬಂದವು. ಅಲ್ಲಿಂದ ಹಾಗೇ ನಡೆದುಕೊಂಡು ಹೋದರೆ ಮರೀನ್ ಡ್ರೈವ್, ಸೂರ್ಯ ಮುಳುಗೋದು ಅಲ್ಲೇ ಸಮುದ್ರಕ್ಕೆ.

ಎಲಿಫೆಂಟಾ ಯಾಕೆ ಹೇಳಲಿಲ್ಲ ಅಂತ ಯಜಮಾನರು ಕೇಳಬಹುದು. ಅಲ್ಲಿನ ಮೂರು ಮುಖದ ಶಿವ ಭಾರತದ ಶಿಲ್ಪದಲ್ಲಿ ಬಹಳ ದೊಡ್ಡ ಕೆಲಸ, ಬೇಡ ಅನ್ನೋಕೆ ಮನಸ್ಸು ಬರೋದಿಲ್ಲ. ಆದರೆ ಗೇಟ್‌ವೇಯಿಂದ ದೋಣಿಯಲ್ಲಿ ಹೋಗೋಕೆ ಒಂದು ಗಂಟೆ, ಬರೋಕೆ ಒಂದು ಗಂಟೆ, ದ್ವೀಪದಲ್ಲಿ ನೂರಕ್ಕೂ ಮೇಲೆ ಮೆಟ್ಟಿಲು, ಸೋಮವಾರ ರಜೆ. ನಿಮ್ಮ ಮಂಡಿ ಗಟ್ಟಿ ಇದ್ದು ದಿನ ಸೋಮವಾರ ಅಲ್ಲದಿದ್ದರೆ ಮಾತುಂಗಾ, ಮ್ಯೂಸಿಯಂ ಎರಡನ್ನೂ ಬಿಟ್ಟು ಬೆಳಗಿನ ಮೊದಲ ದೋಣಿಗೇ ಅಲ್ಲಿಗೆ ಹೋಗಿ. ಎಲಿಫೆಂಟಾ ಜೊತೆ ಅವನ್ನೂ ಸೇರಿಸಬೇಡಿ. ಹಡಗು ಹತ್ತುವ ದಿನವಂತೂ ಆ ಕಡೆ ತಲೆ ಹಾಕಬೇಡಿ, ದೋಣಿ ತಡವಾದರೆ ಹಡಗು ಕಾಯೋದಿಲ್ಲ.

ಮೈಸೂರಿನವರಿಗೆ ಈ ಸಮುದ್ರತೀರದ ಜೊತೆ ಇನ್ನೊಂದು ನಂಟೂ ಇದೆ. ಚಾಮರಾಜೇಂದ್ರ ಒಡೆಯರ ಅತಿಥಿಯಾಗಿ ಮೈಸೂರಿನಲ್ಲಿ ಇದ್ದು ಹೋದ ಸ್ವಾಮಿ ವಿವೇಕಾನಂದರು ಶಿಕಾಗೋಗೆ ಹೊರಟದ್ದು ಮುಂಬಯಿಯಿಂದಲೇ, 1893ರ ಮೇ 31ರಂದು, ಪೆನಿನ್ಸುಲಾರ್ ಅನ್ನೋ ಹಡಗಿನಲ್ಲಿ. ಗೇಟ್‌ವೇ ಆಗ ಇರಲಿಲ್ಲ, ಅದು ಮುಗಿದದ್ದು 1924ರಲ್ಲಿ. ಮೊಮ್ಮಗನಿಗೆ ಇದನ್ನು ಅಲ್ಲೇ ನಿಲ್ಲಿಸಿಕೊಂಡು ಹೇಳಿ.

ರಾತ್ರಿ ಊಟ ಹಗುರವಾಗಿರಲಿ. ಹೊಟ್ಟೆ ಕೆಟ್ಟರೆ ಕಷ್ಟ. ಹಡಗು ಹತ್ತುವಾಗ ವಾಂತಿ ಭೇದಿ ಇದೆಯಾ ಅಂತ ಕೇಳುವ ಆರೋಗ್ಯದ ಫಾರಂ ಕೊಡೋದು ಸಾಮಾನ್ಯ, ಇದ್ದರೆ ತಡೆಯಲೂಬಹುದು. ದಿನದ ಮಾತ್ರೆಗಳು, ಕನ್ನಡಕ, ಒಂದು ಜೊತೆ ಬಟ್ಟೆ, ಗುರುತಿನ ಚೀಟಿಗಳು ಕೈಚೀಲದಲ್ಲಿರಲಿ, ದೊಡ್ಡ ಬ್ಯಾಗು ನಿಮ್ಮ ಕೋಣೆಗೆ ಬರೋಕೆ ಗಂಟೆಗಟ್ಟಲೆ ಆಗಬಹುದು.

ಪ್ರಶ್ನೆ: ಮಂಡ್ಯದಿಂದ ಬರೆಯುತ್ತಿದ್ದೇನೆ. ಅಮ್ಮನನ್ನು ಕರೆದುಕೊಂಡು ಕೊಚ್ಚಿಯಿಂದ ಹಡಗಿನಲ್ಲಿ ಹೋಗುತ್ತಿದ್ದೇನೆ. ಶುಕ್ರವಾರ ಬೆಳಗ್ಗೆ ರೈಲಿನಲ್ಲಿ ಎರ್ನಾಕುಲಂ ತಲುಪುತ್ತೇವೆ, ಹಡಗು ಶನಿವಾರಕ್ಕೆ ಹೋಗಿದೆ. ಅಮ್ಮನಿಗೆ ಮಂಡಿ ನೋವು. ಶುಕ್ರವಾರ ಪೂರ್ತಿ ಸುಮ್ನೆ ಕೂರಬೇಕಾ?

ಉತ್ತರ: ಖಂಡಿತ ಬೇಡ. ಆದರೆ ಶುಕ್ರವಾರ ಅನ್ನೋದನ್ನು ಗಮನದಲ್ಲಿ ಇಟ್ಟುಕೊಳ್ಳಿ. ರಾಮಾಯಣದ ಭಿತ್ತಿಚಿತ್ರಗಳಿರುವ ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಪಕ್ಕದ ಯಹೂದಿ ಪ್ರಾರ್ಥನಾ ಮಂದಿರ 1568ರದ್ದು, ಅದನ್ನೂ ಶುಕ್ರವಾರ ಮಧ್ಯಾಹ್ನಕ್ಕೆ ಮುಚ್ಚುತ್ತಾರೆ, ಶನಿವಾರ ತೆಗೆಯೋದೇ ಇಲ್ಲ. ಆ ಕಡೆಯ ಆಸೆ ಬಿಟ್ಟು ಫೋರ್ಟ್ ಕೊಚ್ಚಿ ಇಟ್ಟುಕೊಳ್ಳಿ.

ಬ್ಯಾಗುಗಳನ್ನು ರೂಮಿನಲ್ಲಿ ಇಟ್ಟು, ಅಮ್ಮನಿಗೆ ಮಧ್ಯಾಹ್ನದ ತನಕ ನಿದ್ದೆ ಮಾಡೋಕೆ ಬಿಡಿ. ರೈಲಿನಲ್ಲಿ ರಾತ್ರಿ ಕಳೆದವರಿಗೆ ಅದು ಬೇಕು. ಮೂರು ಗಂಟೆ ಹೊತ್ತಿಗೆ ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋ ಹತ್ತಿ ಫೋರ್ಟ್ ಕೊಚ್ಚಿಗೆ ಹೋಗಿ. 2023ರಲ್ಲಿ ಶುರುವಾದ ಈ ಬ್ಯಾಟರಿ ದೋಣಿಗಳ ಜೆಟ್ಟಿ ನೀರಿನ ಮೇಲೆ ತೇಲುತ್ತೆ, ಹಾಗಾಗಿ ನೀರು ಏರಲಿ ಇಳಿಯಲಿ ಜೆಟ್ಟಿಯೂ ದೋಣಿಯೂ ಒಂದೇ ಮಟ್ಟದಲ್ಲಿ ಇರುತ್ತವೆ. ಮಂಡಿ ನೋವಿನವರಿಗೆ ಇದಕ್ಕಿಂತ ಇನ್ನೇನು ಬೇಕು? ಒಳಗೆ ಎಸಿ, ಕಿಟಕಿ ಪಕ್ಕ ಕೂತರೆ ಇಡೀ ಬಂದರು ಕಾಣುತ್ತೆ. ವಿಲ್ಲಿಂಗ್ಡನ್ ದ್ವೀಪವನ್ನೂ ಅಮ್ಮನಿಗೆ ತೋರಿಸಿ, ಬಂದರು ಕಟ್ಟುವಾಗ ಹೂಳೆತ್ತಿದ ಮಣ್ಣನ್ನೇ ತುಂಬಿ ಮಾಡಿದ ನೆಲ ಅದು.

ಫೋರ್ಟ್ ಕೊಚ್ಚಿಯಲ್ಲಿ ಆಟೋ ಮಾಡಿಕೊಳ್ಳಿ. ಸೇಂಟ್ ಫ್ರಾನ್ಸಿಸ್ ಚರ್ಚು ನೆಲಮಟ್ಟದಲ್ಲೇ ಇದೆ. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಅಲ್ಲೇ, ಆಮೇಲೆ ಅವಶೇಷಗಳನ್ನು ಪೋರ್ಚುಗಲ್‌ಗೆ ತೆಗೆದುಕೊಂಡು ಹೋದರು. ಅಲ್ಲಿಂದ ಚೀನಾ ಬಲೆಗಳ ಕಡೆಗೆ ಹೋಗಿ, ನೆರಳಿರುವ ಕಡೆ ಕೂತುಕೊಳ್ಳಿ. ಬಂದರಿಗೆ ಹೋಗಿ ಬರುವ ದೊಡ್ಡ ಹಡಗುಗಳೆಲ್ಲ ಆ ದಡದ ಮುಂದೆಯೇ, ತುಂಬ ಹತ್ತಿರದಲ್ಲಿ ಹಾದು ಹೋಗುತ್ತವೆ. ಹಡಗು ಅಂದರೆ ಏನು, ಎಷ್ಟು ದೊಡ್ಡದು ಅಂತ ಅಮ್ಮನಿಗೆ ಮೊದಲೇ ಗೊತ್ತಾದರೆ ಮಾರನೇ ದಿನದ ಗಾಬರಿ ಅರ್ಧ ಕಮ್ಮಿ ಆಗುತ್ತೆ. ಹಡಗಿನವರಿಗೆ ವೀಲ್‌ಚೇರ್ ಬೇಕು ಅಂತ ಈಗಲೇ ಹೇಳಿಡಿ, ಅಲ್ಲಿ ಹೋಗಿ ಕೇಳಿದರೆ ಕಾಯಬೇಕಾಗುತ್ತೆ.

ಪ್ರಶ್ನೆ: ತಂಗಿಯ ಮನೆಯವರು ಅಮೆರಿಕದಿಂದ ಬರುತ್ತಿದ್ದಾರೆ. ಕೊಚ್ಚಿಯಲ್ಲಿ ಹಡಗು ಹತ್ತೋಕೆ ಮುಂಚೆ ಒಂದು ದಿನ ಮೈಸೂರಿನಲ್ಲಿ ನಮ್ಮ ಜೊತೆ ಇರುತ್ತಾರೆ, ಅದೂ ಮಂಗಳವಾರ. ಮಕ್ಕಳಿಗೆ ಮೃಗಾಲಯ ತೋರಿಸಬೇಕು ಅಂತಿದ್ದೆ. (ಸರಸ್ವತಿಪುರಂ ಓದುಗರು)

ಉತ್ತರ: ಮಂಗಳವಾರ ಮೃಗಾಲಯಕ್ಕೆ ರಜೆ. ಬೆಳಗ್ಗೆಯೇ ರಂಗನತಿಟ್ಟಿಗೆ ಕರೆದುಕೊಂಡು ಹೋಗಿ, ದೋಣಿಯಲ್ಲಿ ಕೂತು ಬಂಡೆಯ ಮೇಲೆ ಮಲಗಿರುವ ಮೊಸಳೆ ನೋಡಿದ ಮಕ್ಕಳು ಮೃಗಾಲಯ ಕೇಳೋದಿಲ್ಲ. ಬರುವಾಗ ಶ್ರೀರಂಗಪಟ್ಟಣದ ದರಿಯಾ ದೌಲತ್. 1784ರ ಅರಮನೆ, ಗೋಡೆ ತುಂಬ ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದ ಚಿತ್ರ. ಮಧ್ಯಾಹ್ನ ಮನೆ ಊಟ ಹಾಕಿ. ಸಂಜೆ ದೇವರಾಜ ಮಾರುಕಟ್ಟೆಯಲ್ಲಿ ಒಂದು ಸುತ್ತು ಸಾಕು. ಅರಮನೆಯನ್ನೂ ತುರುಕಬೇಡಿ, ಅಷ್ಟು ದೂರದಿಂದ ಬಂದವರಿಗೆ ನಿಮ್ಮ ಜೊತೆ ಕೂತು ಮಾತಾಡೋಕೂ ಹೊತ್ತು ಬೇಕು.

ಪ್ರಶ್ನೆ: ಹಡಗು ಹೊರಡುವ ದಿನವೇ ಬೆಳಗಿನ ವಿಮಾನ ಹಿಡಿದರೆ ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತೆ ಅಲ್ವಾ? (ಮದ್ದೂರು ಓದುಗರು)

ಉತ್ತರ: ಉಳಿಯುತ್ತೆ, ವಿಮಾನ ಸಮಯಕ್ಕೆ ಸರಿಯಾಗಿ ಇಳಿದರೆ ಮಾತ್ರ. ಮದ್ದೂರಿನಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗಬೇಕು ಅಂದರೆ ಇಡೀ ಬೆಂಗಳೂರು ದಾಟಬೇಕು. ಮಧ್ಯರಾತ್ರಿ ಎದ್ದು ಹೊರಟು, ನಿದ್ದೆ ಇಲ್ಲದೆ, ವಿಮಾನ ಎರಡು ಗಂಟೆ ತಡವಾದರೆ ಏನು ಗತಿ ಅಂತ ಎದೆ ಹಿಡಿದುಕೊಂಡು ಹೋಗಬೇಕು. ಚೆಕ್-ಇನ್ ಮುಚ್ಚಿದ ಮೇಲೆ ಯಾರೂ ಒಳಗೆ ಬಿಡುವುದಿಲ್ಲ, ದುಡ್ಡೂ ಸಾಮಾನ್ಯವಾಗಿ ವಾಪಸ್ ಬರೋದಿಲ್ಲ. ಒಂದು ದಿನ ಮುಂಚೆ ಹೋಗಿ. ಮೈಸೂರಿನಿಂದ ವಿಮಾನ ನಿಲ್ದಾಣಕ್ಕೆ ನೇರ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ. ಅದು ನಿಮ್ಮ ಕಡೆ ಎಲ್ಲಿ ನಿಲ್ಲುತ್ತೆ ಅಂತ ಬುಕ್ ಮಾಡುವಾಗಲೇ ನೋಡಿಕೊಳ್ಳಿ.